ಕಟಿಂಗ್ ಬೇಡ ಎಂದ ಮ್ಯಾನೇಜರ್

ಮಾರ್ಚ್ 9

ಮಗಳೇ,

ಇಲ್ಲಿ ಎಲ್ಲ ಸರಿಯಾಗಿದೆ ಎಂದು ಬರೆಯಬೇಕೆಂದು ನಿಮ್ಮಮ್ಮ ಕಟ್ಟಪ್ಪಣೆ ಮಾಡಿದ್ದಾಳೆ. ಅದನ್ನು ಮೊದಲು ಬರೆದು ಮುಗಿಸುತ್ತೇನೆ: ಎಲ್ಲ ಸರಿಯಾಗಿದೆ. ಇನ್ನು ಉಳಿದ ವಿಷಯ.

ಫೋನು ಇರುವಾಗ ಅಪ್ಪನಿಗೆ ಕಾಗದದ ಹುಚ್ಚು ಏಕೆ ಹಿಡಿಯಿತು ಎಂದು ನೀನು ನಗುತ್ತಿರಬಹುದು. ಫೋನಿನಲ್ಲಿ ನಿನ್ನೊಡನೆ ಮಾತಿಗೆ ತೊಡಗಿದರೆ ಸಾಕು, ನಮ್ಮ ಮ್ಯಾನೇಜರ್ ಎಲ್ಲಿದ್ದರೂ ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ಫೋನು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಸುಮ್ಮನೆ ನನ್ನ ಬಾಯಿಯನ್ನೇ ನೋಡುತ್ತಾಳೆ. ಅವಳೆದುರು ಅವಳ ವಿಷಯ ಹೇಳಲು ನನ್ನ ನಾಲಿಗೆ ಹೊರಳುವುದಿಲ್ಲ.

ಮ್ಯಾನೇಜರ್ ಎಂದು ನಿನ್ನ ತಂಗಿಗೆ ನೀನೇ ಇಟ್ಟ ಹೆಸರು, ಈಗ ಇಡೀ ಬೀದಿ ಹಾಗೇ ಕರೆಯುತ್ತದೆ. ನಮ್ಮ ಸಲೂನಿನಲ್ಲಿ ಅವಳ ದರ್ಬಾರು ನಿನಗೆ ಗೊತ್ತೇ ಇದೆ. ಬಂದವರಿಗೆ ಕುರ್ಚಿ ತೋರಿಸುತ್ತಾಳೆ, ಸ್ಪ್ರೇ ಬಾಟಲಿಗೆ ನೀರು ತುಂಬುತ್ತಾಳೆ, ಕಟಿಂಗ್ ಮುಗಿದ ಮೇಲೆ ಕತ್ತಿನ ಕೂದಲು ಕೊಡವಿ ಪೌಡರ್ ಹಾಕುತ್ತಾಳೆ. ಟವೆಲ್ಲನ್ನು ಮೂರು ಮಡಿಕೆ ಮಾಡಬೇಕು. ನಾನು ಎರಡು ಮಡಿಕೆ ಮಾಡಿದರೆ ಬಿಚ್ಚಿ, ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಮತ್ತೆ ಮಡಚುತ್ತಾಳೆ. ಮೂವತ್ತು ವರ್ಷ ಕತ್ತರಿ ಹಿಡಿದವನಿಗೆ ಹತ್ತೊಂಬತ್ತರ ಹುಡುಗಿ ಪಾಠ ಹೇಳುತ್ತಾಳೆ. ಈಗೀಗ ಸ್ವಲ್ಪ ಹಟ ಜಾಸ್ತಿಯಾಗಿದೆ, ಅಷ್ಟೇ. ಕೆಲವೊಮ್ಮೆ ನೆಲದ ಮೇಲೆ ಕೂತುಬಿಡುತ್ತಾಳೆ. ಕೂತರೆ ಏಳುವುದಿಲ್ಲ.

ಅವತ್ತು ಅವಳು ಏಳುವ ಮೊದಲೇ ನಿನ್ನನ್ನು ಬಸ್ಸು ಹತ್ತಿಸಿದ್ದು ಒಳ್ಳೆಯದಾಯಿತು ಎಂದೇ ನನಗೆ ಅನ್ನಿಸುತ್ತದೆ. ಇಲ್ಲದಿದ್ದರೆ ಅತ್ತು ರಂಪ ಮಾಡುತ್ತಿದ್ದಳು. ಎದ್ದವಳು ನಿನ್ನ ಹಾಸಿಗೆ ನೋಡಿದಳು, ಬಚ್ಚಲು ನೋಡಿದಳು, ಬಾಗಿಲ ಹಿಂದೆಯೂ ನೋಡಿದಳು. ಅಳಲಿಲ್ಲ. ‘ನೋಡಿ, ಎಷ್ಟು ಜಾಣೆ’ ಎಂದಳು ನಿಮ್ಮಮ್ಮ.

ಹೆಲ್ಮೆಟ್ಟಿಗೆ ಹೊಸ ಕಟಿಂಗ್ ಹೊಂದಿತೇ? ಎಡಗಿವಿಯ ಹಿಂದೆ ಒಂದು ಚೂರು ಉದ್ದ ಉಳಿದಿತ್ತು. ನೀನು ಹೊರಡುವ ಹಿಂದಿನ ಸಂಜೆ ನನ್ನ ಕಣ್ಣು ನೆಟ್ಟಗಿರಲಿಲ್ಲ. ಯಾರಿಗೂ ತೋರಿಸಬೇಡ, ಅಂಗಡಿಯ ಮಾನ ಹೋಗುತ್ತದೆ.

ನಿನ್ನ ದಾರಿ ನೋಡುವ
ಅಪ್ಪ


ಮಾರ್ಚ್ 22

ಅಪ್ಪಾ,

ಎಂಬತ್ತು ಮೀಟರ್ ಎತ್ತರದಲ್ಲಿ, ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು ನಿನ್ನ ಕಾಗದ ಓದಿದೆ. ಇಂಥ ಭಾಗ್ಯ ಯಾರಿಗುಂಟು! ಮೊದಲ ದಿನ ಇಲ್ಲಿನ ಮೇಸ್ತ್ರಿ ನನ್ನನ್ನೇ ನಿಲ್ಲಿಸಿಕೊಂಡು, ‘ಆಪರೇಟರ್ ಎಲ್ಲಿದಾನಮ್ಮ, ಇನ್ನೂ ಬಂದಿಲ್ವಾ?’ ಎಂದು ಕೇಳಿದ್ದ. ನಾನೇ ಎಂದಾಗ ಅವನ ಮುಖ ನೋಡಬೇಕಿತ್ತು. ಈಗ ಸೇತುವೆಯ ತೊಲೆ ಎತ್ತಬೇಕೆಂದರೆ ‘ಅಮ್ಮಾವ್ರು ಊಟ ಮುಗಿಸಿ ಬರ್ಲಿ, ಇರ್ರಪ್ಪ’ ಎನ್ನುತ್ತಾನೆ.

ಇಲ್ಲಿಗೆ ಕೆಳಗಿನವರ ಮಾತು ಕೇಳುವುದಿಲ್ಲ. ಅವರ ಕೈಸನ್ನೆ ನೋಡಿಯೇ ಕೆಲಸ ಮಾಡಬೇಕು. ನನಗೆ ಅದು ಕಷ್ಟವೇ ಆಗಲಿಲ್ಲ. ಮಾತು ಬರುವ ಮೊದಲು ಆರು ವರ್ಷ ತಂಗಿ ನನಗೆ ಕೈಯಲ್ಲೇ ತಾನೇ ಎಲ್ಲ ಹೇಳುತ್ತಿದ್ದದ್ದು?

ನೀನು ಒಂದು ಸಂಗತಿಯನ್ನು ಟವೆಲ್ ಮಡಿಕೆಯ ಸಂದಿಯಲ್ಲಿ ಅಡಗಿಸಿದ್ದೀಯ. ನೆಲದ ಮೇಲೆ ಕೂರುತ್ತಾಳೆ ಎಂದರೆ ಏನು? ಯಾವಾಗ, ಏಕೆ? ಹೆಲ್ಮೆಟ್ಟಿನ ವಿಷಯ ಆಮೇಲೆ ಹೇಳುತ್ತೇನೆ.

ಮೇಲಿನಿಂದ ನಿನ್ನನ್ನು ಗಮನಿಸುತ್ತಿರುವ
ದೊಡ್ಡವಳು


ಏಪ್ರಿಲ್ 6

ಮಗಳೇ,

ನಿನ್ನ ಪ್ರಶ್ನೆಗೆ ಇಷ್ಟು ದಿನ ತಪ್ಪಿಸಿಕೊಂಡು ತಿರುಗಿದೆ. ಇನ್ನು ಆಗುವುದಿಲ್ಲ.

ಕಳೆದ ಶನಿವಾರ ಪೋಸ್ಟ್‌ಮ್ಯಾನ್ ಕಟಿಂಗಿಗೆ ಬಂದ. ಅವನೂ ಮ್ಯಾನೇಜರೂ ಎಂಥ ಗೆಳೆಯರೆಂದು ನಿನಗೆ ಗೊತ್ತು. ದಿನಾ ಅವನ ಚೀಲ ಹೊತ್ತು ನಾಲ್ಕು ಮನೆ ದಾಟಿಸುವವಳು ಇವಳೇ. ಅವನಿಗೆ ನಾನು ಬಟ್ಟೆ ಹೊದಿಸಿದ್ದೇ ತಡ, ಕಿರುಚಿಕೊಂಡು ಬಂದು ಅದನ್ನು ಕಿತ್ತೆಸೆದಳು. ಪೌಡರ್ ಡಬ್ಬಿ ಹೋಗಿ ಕನ್ನಡಿಗೆ ಬಡಿಯಿತು. ಹಿಡಿಯಲು ಹೋದರೆ ನನ್ನ ಹೆಬ್ಬೆರಳು ಕಚ್ಚಿದಳು. ಆಮೇಲೆ ನೆಲದ ಮೇಲೆ ಕೂತು ಅವನ ಕಾಲು ತಬ್ಬಿಕೊಂಡವಳು ಒಂದು ಗಂಟೆ ಬಿಡಲಿಲ್ಲ. ಅವನು ಪಾಪ, ಹುಬ್ಬಿನವರೆಗೂ ಪೌಡರ್ ಮೆತ್ತಿಕೊಂಡು, ‘ಪರವಾಗಿಲ್ಲ ಬಿಡಿ, ಇವತ್ತು ಟಪಾಲು ಸ್ವಲ್ಪ ಲೇಟು’ ಎಂದ.

ಮನೆಯಲ್ಲಿ ಅವಳ ಮಾತು ಕಡಿಮೆಯಾಗಿದೆ. ಮೂಲೆಯಲ್ಲಿ ಕೂತು ತನ್ನಷ್ಟಕ್ಕೆ ಪಿಸುಗುಡುತ್ತಾಳೆ. ಊಟ ಅರ್ಧಕ್ಕೇ ಬಿಡುತ್ತಾಳೆ. ತನ್ನ ಕೂದಲು ಕಣ್ಣಿನ ಮೇಲೆ ಬೀಳುತ್ತಿದ್ದರೂ ಕತ್ತರಿ ಹತ್ತಿರ ತರಗೊಡುವುದಿಲ್ಲ. ನಿನ್ನ ಸೋದರತ್ತೆ ಬಂದು ನೋಡಿ, ‘ಇಂಥ ಮಕ್ಕಳು ದೊಡ್ಡವರಾದ ಮೇಲೆ ಹೀಗೇ ಕಣೋ, ನಿನ್ನ ಕೈಯಲ್ಲಿ ಆಗಲ್ಲ’ ಎಂದು ಒಂದು ವಸತಿ ಕೇಂದ್ರದ ಅರ್ಜಿ ಕೊಟ್ಟು ಹೋದಳು. ಅಲ್ಲೇ ಇಟ್ಟುಕೊಂಡು ನೋಡಿಕೊಳ್ಳುತ್ತಾರಂತೆ. ಮೇ ಕೊನೆಯೊಳಗೆ ತುಂಬಿ ಕೊಡಬೇಕು. ನಾನು ಹರಿದು ಹಾಕಿಬಿಟ್ಟೇನೆಂದು ನಿಮ್ಮಮ್ಮ ಎತ್ತಿಟ್ಟಿದ್ದಾಳೆ. ಅವಳ ಮೇಲೆ ಸಿಟ್ಟಾಗಬೇಡ. ಇಡೀ ದಿನ ಗ್ರಂಥಾಲಯದಲ್ಲಿ ದುಡಿದು ಬರುತ್ತಾಳೆ, ಅವಳ ತೋಳಿನಲ್ಲೂ ಹಲ್ಲಿನ ಗುರುತಿದೆ.

ಡಾಕ್ಟರಮ್ಮನಿಗೆ ತೋರಿಸಿದೆವು. ನಾನು ಅತ್ತೆಯ ಮಾತನ್ನೇ ಅವರ ಮುಂದೆ ಒಪ್ಪಿಸಿದೆ. ಅವರು ಕನ್ನಡಕ ತೆಗೆದಿಟ್ಟು ನನ್ನನ್ನು ನೋಡಿದರು. ‘ಡೌನ್ ಸಿಂಡ್ರೋಮ್ ಅವಳು ಹುಟ್ಟಿದಾಗಿಂದ ಇದೆ. ಈ ಗಲಾಟೆ ಫೆಬ್ರವರಿಯಿಂದ ಇದೆ ಅಂತೀರಿ. ಎರಡೂ ಒಂದೇ ಹೇಗಾಗುತ್ತೆ?’ ಎಂದರು. ರಕ್ತ, ಥೈರಾಯ್ಡ್, ಕಿವಿ, ಹಲ್ಲು ಎಲ್ಲ ನೋಡಿದರು. ಯಾವುದರಲ್ಲೂ ತೊಂದರೆಯಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆಯಿರಿ ಎಂದರು: ಏನು ಮಾಡಿದಳು, ಅದಕ್ಕೆ ಮೊದಲು ಏನಾಯಿತು, ಆಗ ಯಾರಿದ್ದರು. ‘ಸುಮ್ನೆ ಯಾರೂ ಹೀಗೆ ಮಾಡಲ್ಲ. ಅವಳು ಏನೋ ಹೇಳ್ತಿದಾಳೆ’ ಎಂದರು. ಏನು ಹೇಳುತ್ತಿದ್ದಾಳೋ, ನನ್ನ ಮಂಡೆಗೆ ಹೋಗುತ್ತಿಲ್ಲ.

ಕಚ್ಚಿಸಿಕೊಂಡ ಹೆಬ್ಬೆರಳಿನ
ಅಪ್ಪ


ಏಪ್ರಿಲ್ 13

ಅಪ್ಪಾ,

ಆ ಅರ್ಜಿಯ ಮೇಲೆ ಯಾರೂ ಪೆನ್ನು ಇಡಬೇಡಿ. ನಾನು ರಾಜೀನಾಮೆ ಬರೆದಿದ್ದೇನೆ. ಸೋಮವಾರ ಕೊಡುತ್ತೇನೆ. ಕ್ರೇನ್ ನಡೆಸಲು ಬೇರೆ ಯಾರಾದರೂ ಸಿಗುತ್ತಾರೆ, ಅವಳಿಗೆ ಇನ್ನೊಬ್ಬ ಅಕ್ಕ ಸಿಗುವುದಿಲ್ಲ.

ದೊಡ್ಡವಳು


ಏಪ್ರಿಲ್ 20

ಮಗಳೇ,

ರಾಜೀನಾಮೆ ಕೊಟ್ಟೆಯೋ, ನಾನೇ ಅಲ್ಲಿಗೆ ಬಂದು ಆ ಮೇಸ್ತ್ರಿಯ ಎದುರು ನಿನ್ನ ಕಿವಿ ಹಿಂಡುತ್ತೇನೆ. ಎಂಟು ವರ್ಷ ಕಷ್ಟಪಟ್ಟು ಹತ್ತಿದ ಜಾಗ ಅದು. ಇವತ್ತು ಫೋನು ಮಾಡಿದಾಗ ‘ಇನ್ನೂ ಕೊಟ್ಟಿಲ್ಲ’ ಎಂದೆಯಲ್ಲ, ಆಗಲೇ ನನಗೆ ಉಸಿರು ಬಂದದ್ದು. ನೀನು ಕೇಳಿದಂತೆ ನೋಟ್‌ಬುಕ್ಕನ್ನು ಇಲ್ಲಿ ನಕಲು ಮಾಡುತ್ತೇನೆ. ಓದಿ ನಗಬೇಡ. ನಕ್ಕರೂ ಪರವಾಗಿಲ್ಲ.

ಸೋಮವಾರ: ಸೈಕಲ್ ರಿಪೇರಿಯವನು ಕಟಿಂಗಿಗೆ ಬಂದ. ಇವಳಿಗೆ ದಿನಾ ಬೆಲ್ಲು ಬಾರಿಸಲು ಕೊಡುವವನು. ಕತ್ತರಿ ತೆಗೆದೆ. ಕಿರುಚಾಟ. ಅವನ ಅರ್ಧ ತಲೆ ಹಾಗೇ ಉಳಿಯಿತು.

ಮಂಗಳವಾರ: ರಜೆಯಾದರೂ ಬಾಗಿಲು ತಟ್ಟಿ ಬಂದರು, ಗುರುತಿಲ್ಲದ ಇಬ್ಬರು. ಏನೂ ಗಲಾಟೆಯಿಲ್ಲ. ತಾನೇ ಪೌಡರ್ ಹಾಕಿ ಕಳಿಸಿದಳು.

ಬುಧವಾರ: ನಿವೃತ್ತ ಹೆಡ್‌ಮಾಸ್ತರು. ಕಂಡಾಗಲೆಲ್ಲ ಇವಳ ಕೆನ್ನೆ ಹಿಂಡಿ ‘ಎರಡೂ ಎರಡೂ ಎಷ್ಟು?’ ಎಂದು ಕೇಳುತ್ತಾರಲ್ಲ, ಅವರೇ. ಕೈ ಹಿಡಿದು ತಾನೇ ಕುರ್ಚಿಗೆ ಕೂರಿಸಿದಳು. ‘ಅಪ್ಪ, ಕಟ್ ಮಾಡು. ಪೂರ್ತಿ’ ಎಂದಳು.

ಗುರುವಾರ: ನಿಮ್ಮಮ್ಮನ ಜಡೆಯ ತುದಿ ಕತ್ತರಿಸಲು ಹೋದೆ. ಬಂದು ಅವಳ ಮಡಿಲಲ್ಲಿ ಕೂತುಬಿಟ್ಟಳು. ಕತ್ತರಿ ಕೆಳಗಿಡುವವರೆಗೂ ಏಳಲಿಲ್ಲ.

ಶುಕ್ರವಾರ: ಬೀದಿಯಲ್ಲಿ ಹೋಗುತ್ತಿದ್ದ ಹೆಡ್‌ಮಾಸ್ತರನ್ನು ಎಳೆದು ತಂದು ಮತ್ತೆ ಕುರ್ಚಿಗೆ ಕೂರಿಸಿದಳು. ಅವರ ತಲೆಯಲ್ಲಿ ಇರುವುದೇ ಇಪ್ಪತ್ತು ಕೂದಲು, ಬುಧವಾರವಷ್ಟೇ ಅದಕ್ಕೆ ಕತ್ತರಿ ಆಗಿತ್ತು. ಅವರಿಗಾದರೋ ಖುಷಿಯೋ ಖುಷಿ. ‘ನಿಮ್ಮ ಮಗಳಿಗೆ ನನ್ನ ಮೇಲೆ ಎಷ್ಟು ಗೌರವ ನೋಡಿ!’ ಎಂದು ಹೋದರು.

ಶನಿವಾರ: ಗಿರಾಕಿ ಇರಲಿಲ್ಲ. ಕನ್ನಡಿ ನೋಡಿಕೊಂಡು ನನ್ನ ಮೀಸೆ ಟ್ರಿಮ್ ಮಾಡುತ್ತಿದ್ದೆ. ಹಿಂದಿನಿಂದ ಬಂದು ಅಂಗಿ ಹಿಡಿದುಕೊಂಡಳು. ಈ ಸಲ ಕಿರುಚಲಿಲ್ಲ. ಅತ್ತಳು. ಸಂಜೆ ಅಂಗಡಿ ಮುಚ್ಚುವವರೆಗೂ ಅಂಗಿ ಬಿಡಲಿಲ್ಲ.

ನನಗೆ ಇದರಲ್ಲಿ ತಲೆಬುಡ ಕಾಣಿಸುತ್ತಿಲ್ಲ.

ಅರ್ಧ ಮೀಸೆಯ
ಅಪ್ಪ


ಏಪ್ರಿಲ್ 29

ಅಪ್ಪಾ,

ಮೊದಲು ಕ್ಯಾಬಿನ್ನಿನಲ್ಲಿ ಒಬ್ಬಳೇ ಕೂತು ಬಿದ್ದು ಬಿದ್ದು ನಕ್ಕೆ. ಕ್ರೇನ್ ಅಲ್ಲಾಡಿತೇನೋ, ಕೆಳಗಿನವರು ಕೈ ಎತ್ತಿ ಏನಾಯಿತು ಎಂದು ಕೇಳಿದರು. ಎರಡನೇ ಸಲ ಓದಿದಾಗ ಅಳು ಬಂತು.

ನಿನ್ನ ನೋಟ್‌ಬುಕ್ಕನ್ನು ನೀನೇ ಇನ್ನೊಮ್ಮೆ ನೋಡು. ಅವಳು ಯಾರನ್ನು ಕಂಡರೆ ಪ್ರಾಣ ಬಿಡುತ್ತಾಳೋ ಅವರಿಗೆ ಕಟಿಂಗ್ ಆಗಬಾರದು. ಗುರುತಿಲ್ಲದವರಿಗೆ ಆದರೆ ಆಗಲಿ. ಹೆಡ್‌ಮಾಸ್ತರಿಗೆ ಮಾತ್ರ ವಾರಕ್ಕೆರಡು ಸಲ ಆಗಲೇಬೇಕು.

ಹೋದ ವರ್ಷ ಅಜ್ಜನನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ನೀನು ಅವರನ್ನು ಆ ಕುರ್ಚಿಯಲ್ಲಿ ಕೂರಿಸಿ ನೀಟಾಗಿ ಕಟಿಂಗ್ ಮಾಡಿದೆ. ಅಜ್ಜ ತಿರುಗಿ ಬರಲಿಲ್ಲ. ಫೆಬ್ರವರಿಯಲ್ಲಿ ಅದೇ ಕುರ್ಚಿಯಲ್ಲಿ ನನ್ನ ಜಡೆ ಕತ್ತರಿಸಿದೆ. ಬೆಳಿಗ್ಗೆ ಎದ್ದರೆ ನಾನೂ ಇಲ್ಲ. ಎರಡು ಸಲವೂ ನೆಲದ ಕೂದಲು ಗುಡಿಸಿದವಳು ಅವಳೇ. ಎರಡು ಸಲವೂ ಅವಳಿಗೆ ಯಾರೂ ನಿಜ ಹೇಳಲಿಲ್ಲ. ಅವಳು ಯಾರನ್ನಪ್ಪಾ ಕೇಳಬೇಕಿತ್ತು? ತಾನೇ ಲೆಕ್ಕ ಹಾಕಿದಳು: ಅಪ್ಪ ಕಟಿಂಗ್ ಮಾಡಿದರೆ ಮನುಷ್ಯ ಹೋಗಿಬಿಡುತ್ತಾನೆ.

ಅವಳದು ಹಟವಲ್ಲ. ಎರಡು ತಿಂಗಳಿನಿಂದ ಅವಳು ಒಬ್ಬಳೇ ನಿಮ್ಮನ್ನೆಲ್ಲ ಕಾಯುತ್ತಿದ್ದಾಳೆ.

ಕದ್ದು ಹೊರಟವಳು ನಾನು. ಆ ತಪ್ಪು ನಿನ್ನೊಬ್ಬನದಲ್ಲ.

ದೊಡ್ಡವಳು


ಮೇ 8

ಮಗಳೇ,

ನಿನ್ನ ಕಾಗದ ಬಂದಾಗ ಕುರ್ಚಿಯಲ್ಲಿ ಗಿರಾಕಿ ಇದ್ದ. ಓದಿ ಮುಗಿಸಿ ನಾನೇ ನೆಲದ ಮೇಲೆ ಕೂತುಬಿಟ್ಟೆ. ಪಾಪ, ಒಂದು ಕಡೆ ಕೆನ್ನೆಗೆ ನೊರೆ ಹಚ್ಚಿಕೊಂಡಿದ್ದ ಆ ಮನುಷ್ಯ ಎದ್ದು ಬಂದು ನನಗೆ ನೀರು ಕೊಟ್ಟ.

ಮ್ಯಾನೇಜರ್ ಬಂದು ಪಕ್ಕದಲ್ಲಿ ಕೂತಳು. ‘ನಾನು ಕಟಿಂಗ್ ಮಾಡಿದ್ದಕ್ಕೆ ಅಕ್ಕ ಹೋದ್ಲು ಅಂದ್ಕೊಂಡ್ಯಾ?’ ಎಂದು ಕೇಳಿದೆ. ನನ್ನತ್ತ ತಿರುಗಿ ನೋಡಿದಳು. ಇಷ್ಟು ದಿನಕ್ಕೆ ಇವನಿಗೆ ಬುದ್ಧಿ ಬಂತಲ್ಲ ಎನ್ನುವಂತಿತ್ತು. ‘ಅಕ್ಕನ್ನ ಕಟ್ ಮಾಡ್ದೆ. ಅಕ್ಕ ಹೋದ್ಲು. ಅಜ್ಜನ್ನೂ. ನೀನು ಮೀಸೆ ಕಟ್ ಮಾಡ್ದೆ. ನೀನೂ ಹೋಗ್ತಿದ್ದೆ’ ಎಂದಳು. ಮೂರು ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು.

ನನಗೆ ನನ್ನ ಮೇಲೇ ನಾಚಿಕೆಯಾಯಿತು. ಅಜ್ಜ ಊರಿಗೆ ಹೋಗಿದ್ದಾರೆ ಎಂದು ನಾವು ಅವಳಿಗೆ ಹೇಳಿದ್ದೆವು. ಈಗ ನಿಜ ಹೇಳಿದೆ. ಅಜ್ಜ ಸತ್ತುಹೋದರು, ಅವರ ಎದೆ ನಿಂತುಹೋಗಿತ್ತು, ಕತ್ತರಿಯಿಂದಲ್ಲ ಎಂದೆ. ಅಕ್ಕ ಕೆಲಸಕ್ಕೆ ಹೋಗಿದ್ದಾಳೆ, ಬರುತ್ತಾಳೆ, ನಾವು ಹೇಳದೆ ಕಳಿಸಿದ್ದು ತಪ್ಪು ಎಂದೆ. ಅತ್ತಳು, ಸರಿಯಾಗಿ ಬಾಯಿಬಿಟ್ಟು ಅತ್ತಳು. ನಿಮ್ಮಮ್ಮ ಗ್ರಂಥಾಲಯದಿಂದ ಓಡಿ ಬಂದಳು. ಮೂವರೂ ನೆಲದ ಮೇಲೆ ಕೂತು ಅತ್ತೆವು. ಬಂದ ಗಿರಾಕಿಗಳು ಬಾಗಿಲಲ್ಲೇ ನಿಂತು ನೋಡಿ, ಇವತ್ತು ರಜೆ ಎಂದುಕೊಂಡು ತಿರುಗಿ ಹೋದರು.

ಡಾಕ್ಟರಮ್ಮನಿಗೆ ಹೇಳಿದರೆ ಕುಣಿದಾಡುವುದೊಂದು ಬಾಕಿ. ‘ಒಂದೇ ದಿನಕ್ಕೆ ಭಯ ಹೋಗಲ್ಲ, ಗಡಿಬಿಡಿ ಮಾಡ್ಬೇಡಿ’ ಎಂದೂ ಎಚ್ಚರಿಸಿದರು. ಹೌದು, ನಿನ್ನೆ ಸೈಕಲ್ ರಿಪೇರಿಯವನ ಉಳಿದರ್ಧ ತಲೆಗೆ ಕೈ ಹಾಕಿದಾಗ ಮತ್ತೆ ಕಿರುಚಿದಳು. ಆದರೆ ಆಮೇಲೆ ತಾನೇ ಒಂದು ಕಾನೂನು ಮಾಡಿದಳು. ಅವಳ ಕಡೆಯವರು ಯಾರೇ ಕುರ್ಚಿಯಲ್ಲಿ ಕೂತರೂ ಮತ್ತೆ ಯಾವಾಗ ಬರುತ್ತೇನೆಂದು ಮೊದಲು ಹೇಳಬೇಕು, ನೋಟ್‌ಬುಕ್ಕಿನಲ್ಲಿ ಸಹಿ ಹಾಕಬೇಕು. ಪೋಸ್ಟ್‌ಮ್ಯಾನ್ ‘ನಾಳೆ ಹತ್ತು ಗಂಟೆಗೆ’ ಎಂದು ಹಾಕಿದ. ಹತ್ತೂ ಐದಕ್ಕೆ ಬಂದು ಬೈಸಿಕೊಂಡ. ಹೆಡ್‌ಮಾಸ್ತರು ‘ನನ್ನ ಸಹಿ ಬೇಡ್ವಾ?’ ಎಂದು ಆಸೆಯಿಂದ ಪೆನ್ನು ತೆಗೆದರು. ‘ನಿಮ್ದು ಬೇಡ’ ಎಂದಳು.

ವಸತಿ ಕೇಂದ್ರದ ಅರ್ಜಿಯನ್ನು ನಿಮ್ಮಮ್ಮ ಅತ್ತೆಗೆ ಖಾಲಿಯಾಗಿಯೇ ಹಿಂದಿರುಗಿಸಿದಳು. ಜೊತೆಗೆ ನಾಲ್ಕು ಮಾತನ್ನೂ ಕೊಟ್ಟಳು. ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದವಳು, ಒಮ್ಮೆ ಶುರುವಾದರೆ ಕೇಳಬೇಕೇ!

ಜೂನ್ ಎರಡಕ್ಕೆ ರಜೆ ಸಿಕ್ಕಿತೆಂದು ಫೋನಿನಲ್ಲಿ ಹೇಳಿದೆಯಲ್ಲ. ಅವಳಿಗೆ ಹೇಳಿದ್ದೇನೆ. ಬಾರದೆ ಹೋದರೆ ನನ್ನ ಗತಿ ದೇವರಿಗೇ ಪ್ರೀತಿ.

ಸ್ವಲ್ಪ ಬುದ್ಧಿ ಬಂದ
ಅಪ್ಪ


ಮೇ 16

ಅಕ್ಕ,

ನಾನು ಹೇಳ್ತೀನಿ ಅಮ್ಮ ಬರೀತಾಳೆ. ಅಮ್ಮ ಬೇರೆ ಏನೂ ಸೇರಿಸಬಾರ್ದು.

ನೀನು ಹೇಳ್ದೆ ಹೋದೆ. ನಂಗೆ ತುಂಬಾ ಸಿಟ್ಟು. ಜೂನ್ ಎರಡು ಬಾ. ಬಂದ್ಮೇಲೂ ಸ್ವಲ್ಪ ಸಿಟ್ಟು ಇರುತ್ತೆ. ಆಮೇಲೆ ಹೋಗುತ್ತೆ.

ಕ್ರೇನ್ ಎಷ್ಟು ದೊಡ್ಡದು? ಅಪ್ಪ ನಮ್ಮ ಬೀದಿ ಎತ್ತಿ ನಿಲ್ಲಿಸಿದಷ್ಟು ಅಂತಾನೆ. ಅಪ್ಪ ಸುಳ್ಳು ಹೇಳ್ತಾನೆ.

ಊಟ ಪೂರ್ತಿ ಮಾಡ್ತಿದೀನಿ.

ಮ್ಯಾನೇಜರ್

(ಎರಡೆರಡು ಸಲ ಬಡಿಸಿಕೊಳ್ಳುತ್ತಾಳೆ. ಇಷ್ಟು ಸೇರಿಸದೆ ಇರಲು ನನ್ನಿಂದಾಗಲಿಲ್ಲ. ಅಮ್ಮ)


ಜೂನ್ 12

ಅಪ್ಪಾ,

ಸುಖವಾಗಿ ತಲುಪಿದೆ. ಅವಳ ಸಿಟ್ಟು ಹದಿನೈದು ನಿಮಿಷ ಇತ್ತು, ಗಡಿಯಾರ ನೋಡಿಕೊಂಡೇ ಮುಗಿಸಿದಳಲ್ಲ! ಆ ಕುರ್ಚಿಯಲ್ಲಿ ನಾನು ಕೂತಾಗ ನಿನ್ನ ಪಕ್ಕದಲ್ಲೇ ನಿಂತಿದ್ದಳು. ನೀನು ಎಡಗಿವಿಯ ಹಿಂದಿನದನ್ನು ಸರಿ ಮಾಡುವವರೆಗೂ ನನ್ನ ಕೈ ಬಿಡಲಿಲ್ಲ. ಆದರೂ ಕಟಿಂಗ್ ಮುಗಿಯಿತು, ನಾನು ಆಮೇಲೂ ಎರಡು ದಿನ ಅಲ್ಲೇ ಇದ್ದೆ. ಮೂರನೇ ದಿನ ಹಾಡಹಗಲಲ್ಲಿ, ಹೇಳಿ ಹೊರಟೆ. ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಅತ್ತಳು. ಅಳುತ್ತಲೇ ಕೈ ಬೀಸಿದಳು. ಬಸ್ಸಿನಲ್ಲಿ ನಾನೂ ಅತ್ತೆ, ಆದರೆ ಎಷ್ಟು ಹಗುರವಾಗಿತ್ತು ಗೊತ್ತಾ!

ಇಲ್ಲಿ ನನ್ನ ಕ್ವಾರ್ಟರ್ಸಿನಲ್ಲಿ ಎರಡು ಕೋಣೆಗಳಿವೆ. ಜುಲೈಯಲ್ಲಿ ಹದಿನೈದು ದಿನ ಅವಳನ್ನು ನನ್ನ ಹತ್ತಿರ ಕಳಿಸು. ಅಮ್ಮ ತಂದು ಬಿಟ್ಟು ಹೋಗಲಿ. ನಾನು ಕೆಲಸಕ್ಕೆ ಹೋದಾಗ ಮೇಸ್ತ್ರಿಯ ಹೆಂಡತಿ ಜೊತೆಗಿರುತ್ತಾರೆ. ಕ್ಯಾಂಟೀನಿನಲ್ಲಿ ಎಂಬತ್ತು ಜನರ ಟವೆಲ್ಲುಗಳು ಮುದ್ದೆಯಾಗಿ ಬಿದ್ದಿರುತ್ತವೆ ಎಂದು ಹೇಳಿದ್ದೇನೆ. ಅವಳಿಗೆ ಅದನ್ನು ಕೇಳಿ ತಡೆಯಲಾಗುತ್ತಿಲ್ಲ.

ದೊಡ್ಡವಳು


ಜೂನ್ 24

ಮಗಳೇ,

ಜುಲೈ ಬೇಡ. ಅಲ್ಲಿ ಧೂಳು ಜಾಸ್ತಿ. ಮೇಸ್ತ್ರಿಯ ಹೆಂಡತಿ ಹೇಗೋ ಏನೋ. ಬಸ್ಸಿನಲ್ಲಿ ಆರು ಗಂಟೆ ಕೂರಬೇಕು. ಅವಳಿಲ್ಲದೆ ಅಂಗಡಿಯೂ ನಡೆಯುವುದಿಲ್ಲ. ಮುಂದಿನ ವರ್ಷ ನೋಡೋಣ.

ಅಪ್ಪ


ಜೂನ್ 30

ಅಪ್ಪಾ,

ಈಗ ನೆಲದ ಮೇಲೆ ಕೂತಿರುವುದು ಯಾರು?

ಬಹಳ ಪ್ರೀತಿಯಿಂದ,
ದೊಡ್ಡವಳು


ಜುಲೈ 11

ಮಗಳೇ,

ಈ ಕಾಗದ ನಿನಗೆ ತಲುಪಿದೆ ಎಂದರೆ ತಂದವಳು ನಿನ್ನ ಎದುರಿಗೇ ನಿಂತಿದ್ದಾಳೆ. ಮೊದಲು ಅವಳಿಗೆ ನೀರು ಕೊಡು, ಆಮೇಲೆ ಓದು.

ನಿನ್ನ ಒಂದು ಸಾಲು ನನಗೆ ಚುಚ್ಚಿತು. ಚುಚ್ಚಲೆಂದೇ ಬರೆದಿದ್ದೀಯ, ಗೊತ್ತು. ಆದರೂ ಒಂದು ವಾರ ಹಟ ಹಿಡಿದೆ. ನಿಮ್ಮಮ್ಮ ಟಿಕೆಟ್ ತಂದಳು. ನಾನು ನೋಡಿಯೂ ನೋಡದವನಂತೆ ರೇಜರ್ ಮಸೆಯುತ್ತ ಕೂತೆ. ಇವತ್ತು ಬೆಳಿಗ್ಗೆ ಅಂಗಡಿ ತೆರೆದರೆ ಮ್ಯಾನೇಜರ್ ತಾನೇ ಹೋಗಿ ಕುರ್ಚಿಯಲ್ಲಿ ಕೂತಳು. ಬ್ಯಾಗು ಕಾಲ ಬಳಿ. ಕಣ್ಣಿನ ಮೇಲಿನ ಕೂದಲನ್ನು ಉಫ್ ಎಂದು ಊದಿ, ‘ಅಪ್ಪ, ಕಟಿಂಗ್’ ಎಂದಳು.

ಐದು ತಿಂಗಳಿನಿಂದ ಕತ್ತರಿ ಮುಟ್ಟಗೊಡದ ತಲೆ. ಅದೇ ದಿನಕ್ಕಾಗಿ ನಾನು ಕಾದಿದ್ದೆ. ಬಟ್ಟೆ ಹೊದಿಸಿದೆ, ನೀರು ಚಿಮುಕಿಸಿದೆ, ಬಾಚಿದೆ. ಮತ್ತೆ ಬಾಚಿದೆ. ಕತ್ತರಿ ತೆಗೆದವನಿಗೆ ಕೈ ಏಳಲಿಲ್ಲ. ನಾನು ಕತ್ತರಿ ಹಾಕಿದರೆ ಇವಳು ಹೊರಡುತ್ತಾಳೆ. ಹಾಕದಿದ್ದರೆ ಇಲ್ಲೇ ಇರುತ್ತಾಳೆ. ನಿಜ ಹೇಳುತ್ತೇನೆ ಮಗಳೇ, ಆ ಕ್ಷಣ ನಾನೂ ಅದನ್ನು ನಂಬಿದ್ದೆ.

ಅವಳು ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬಟ್ಟೆಯೊಳಗಿನಿಂದ ಕೈ ಹೊರಗೆ ಹಾಕಿ ನನ್ನ ಅಂಗಿಯ ತುದಿ ಹಿಡಿದುಕೊಂಡಳು.

‘ಭಯ ಆಗುತ್ತೆ, ನಂಗೊತ್ತು’ ಎಂದಳು. ‘ನೀನು ಕಟ್ ಮಾಡಪ್ಪ. ನಾನು ಹೇಳಿ ಹೋಗ್ತಿದೀನಲ್ಲ.’

ಕಟ್ ಮಾಡಿದೆ. ಚೆನ್ನಾಗಿ ಬಂದಿದೆ, ನೋಡು.

ನಿಮ್ಮಿಬ್ಬರ
ಅಪ್ಪ